ತಾಯಿಗೆ ಬಹುವಚನ

"ನನ್ನ ಮಗನ ಕೈಗೆ ಬೇಡಿ ಹಾಕೋಕೆ ಮುಂಚೆ ಕಾಲಿಗೆ ಬೂಟು ಹಾಕ್ಕೊಳ್ಳೋಕಾದ್ರೂ ಬಿಡಬಹುದಿತ್ತು, ಇನ್ಸ್‌ಪೆಕ್ಟರೇ. ಮನೆಯೊಳಗೆ ಮೆಟ್ಟೋ ಚಪ್ಪಲಿಯಲ್ಲೇ ಎಳ್ಕೊಂಡು ಹೋದ್ರಂತೆ! ಊರವರೆಲ್ಲ ನೋಡಿದ್ರಂತೆ!"

ಶಾಂಬ್ರೆಲ್ ಕೋಟೆಯ ಹಿರಿಯ ಒಡತಿ ಕೌಂಟೆಸ್ ಎಲಿಯೊನೋರ್ ಕುರ್ಚಿ ಬಿಟ್ಟು ಏಳಲಿಲ್ಲ. ಎದ್ದು ಬೈಯುವುದು ಅವರ ಮನೆತನದಲ್ಲಿ ಇರಲಿಲ್ಲ. ಕೂತಲ್ಲಿಂದಲೇ, ಊರುಗೋಲನ್ನು ನೆಲಕ್ಕೆ ಕುಟ್ಟಿ ಬೈದರು.

ಇನ್ಸ್‌ಪೆಕ್ಟರ್ ರೆಮಿ ಲೊರಿಯೋ ಬೈಗುಳವನ್ನು ನಗುಮುಖದಿಂದಲೇ ಸ್ವೀಕರಿಸಿದ. ಗೆದ್ದವನಿಗೆ ಬೈಗುಳವೂ ಹಿತ. ಮಂಗಳವಾರ ಸಂಜೆ, ಕೋಟೆ ಮುಚ್ಚುವ ಹೊತ್ತಿಗೆ, ನದಿಗಿಳಿಯುವ ಕಲ್ಲುಮೆಟ್ಟಿಲ ಬುಡದಲ್ಲಿ ಕಸುಬಿನ ಮ್ಯೂಸಿಯಂನ ಮುಖ್ಯಸ್ಥ ಒಕ್ತಾವ್ ಪೆಲ್ತಿಯೇ ತಲೆಯೊಡೆದು ಸತ್ತು ಬಿದ್ದಿದ್ದ. ಅವನು ಪ್ರದರ್ಶನಕ್ಕೆಂದು ಕೋಟೆಗೆ ತಂದಿಟ್ಟಿದ್ದ ಅಕ್ರೋಟು ಮರದ ಪುಟ್ಟ ಸುರುಳಿಮೆಟ್ಟಿಲು ಗಾಜಿನ ಪೆಟ್ಟಿಗೆಯಿಂದ ಮಾಯವಾಗಿತ್ತು. ವಾರ ಕಳೆಯುವುದರೊಳಗೆ ಲೊರಿಯೋ ಕೊಲೆಗಾರನನ್ನು ಹಿಡಿದಿದ್ದ.

ಹಿಡಿದದ್ದು ಬೆರಳ ಗುರುತಿನಿಂದಲ್ಲ, ರಕ್ತದ ಕಲೆಯಿಂದಲ್ಲ. ಒಂದು ಬಹುವಚನದಿಂದ.

"ಕೌಂಟೆಸ್ ಅವರೇ, ಒಂದೇ ಒಂದು ಪ್ರಶ್ನೆ," ಎಂದ ಲೊರಿಯೋ. "ನಿಮ್ಮ ಮಗ ನಿಮ್ಮನ್ನ 'ನೀನು' ಅಂತಾರಾ, 'ನೀವು' ಅಂತಾರಾ?"

"ನೀನು ಅನ್ನೋದಾ? ನನ್ನನ್ನಾ?" ಕೌಂಟೆಸ್ ಹುಬ್ಬು ಹಣೆಗೇರಿತು. "ನನ್ನ ಗಂಡನೇ ಸಾಯೋ ತನಕ ನನ್ನನ್ನ 'ನೀವು' ಅಂದ್ರು. ಹಾಸಿಗೆಯಲ್ಲೂ."

ಸೋಫಾದ ಅಂಚಿನಲ್ಲಿ ಮುದುಡಿ ಕೂತಿದ್ದ ಸೋಲಾಂಜ್ ತಿಬೋ ಕೆಮ್ಮಿದಳು. ಈಕೆ ಲಿಯೋನ್ ಕಡೆಯ ನಿವೃತ್ತ ಮೇಡಂ, ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತಿದ್ದವಳು. ಮಂಗಳವಾರ ಬಸ್ಸಿನಲ್ಲಿ ಬಂದ ಪ್ರವಾಸಿಗರ ಜೊತೆ ಬೆಳಿಗ್ಗೆ ಬುಟ್ಟಿ ಹೆಣೆಯುವವರ ಮ್ಯೂಸಿಯಂ, ಮಧ್ಯಾಹ್ನ ಮರಗೆಲಸದ ಮ್ಯೂಸಿಯಂ, ಸಂಜೆ ಕೋಟೆ ಎಂದು ನೋಡಿಕೊಂಡು ಬಂದವಳು, ಬೂಟಿನೊಳಗೆ ಹೊಕ್ಕ ಕಲ್ಲು ತೆಗೆಯಲು ನದಿ ಕಡೆಯ ಗೋಡೆಯ ಬದಿ ಕೂತಿದ್ದಳು. ಗೋಡೆಯಾಚೆ ಒಬ್ಬ ಗಂಡಸು ತನ್ನ ತಾಯಿಯನ್ನು 'ನೀವು ಇಲ್ಲಿಂದ ಹೋಗಿ' ಎಂದು ಬೇಡಿಕೊಳ್ಳುವುದು ಕೇಳಿಸಿತ್ತು. ಆಮೇಲೆ ಏನೋ ಭಾರವಾದದ್ದು ಬಿದ್ದ ಸದ್ದು.

ಲೊರಿಯೋಗೆ ಅಷ್ಟು ಸಾಕಾಗಿತ್ತು. ಲ್ವಾರ್ ನದಿಯ ಎರಡೂ ದಡದಲ್ಲಿ, ರೊಟ್ಟಿ ಅಂಗಡಿಯವನಿಂದ ಹಿಡಿದು ಮೇಯರ್‌ವರೆಗೆ, ಹೆತ್ತವಳನ್ನು 'ನೀನು' ಎನ್ನದ ಗಂಡಸಿಲ್ಲ. ಪಾದ್ರಿಗೆ ಬಹುವಚನ, ಅಂಗಡಿಯವನಿಗೆ ಬಹುವಚನ, ಬ್ಯಾಂಕಿನವನಿಗಂತೂ ಬಾಗಿ ಬಾಗಿ ಬಹುವಚನ. ಅಮ್ಮನಿಗೆ ಮಾತ್ರ ಏಕವಚನ. ಅಮ್ಮನಿಗೂ ಬಹುವಚನ ಹಾಕುವವರು ಬಾಗಿಲ ಮೇಲೆ ವಂಶದ ಲಾಂಛನ ಕೆತ್ತಿಸಿಕೊಂಡ ಹಳೇ ಮನೆತನದವರು. ಈ ಸುತ್ತಮುತ್ತ ಅಂಥ ಮನೆತನ ಉಳಿದದ್ದು ಒಂದೇ.

ಅದೂ ಅಲ್ಲದೆ, ಕೌಂಟೆಸ್ ಅವರ ಮಗ ಏಮೆರಿಕ್ ಅದೇ ಬೆಳಿಗ್ಗೆ ಪೆಲ್ತಿಯೇ ಜೊತೆ ಪ್ರದರ್ಶನದ ವಿಷಯಕ್ಕೆ ಕೂಗಾಡಿದ್ದ. ಸಂಜೆ ಎಲ್ಲಿದ್ದೆ ಎಂದರೆ, ನೆಲಮಾಳಿಗೆಯಲ್ಲಿ ಒಬ್ಬನೇ ದ್ರಾಕ್ಷಾರಸದ ಪೀಪಾಯಿ ನೋಡಿಕೊಳ್ಳುತ್ತಿದ್ದೆ ಎಂದ. ಪೀಪಾಯಿ ಸಾಕ್ಷಿ ಹೇಳುವುದಿಲ್ಲ.

"ಮಂಗಳವಾರ ಸಂಜೆ ನೀವು ನದಿ ಮೆಟ್ಟಿಲ ಹತ್ರ ನಿಂತಿದ್ರಿ," ಎಂದ ಲೊರಿಯೋ. "ನಿಮ್ಮ ಮಗ ನಿಮ್ಮನ್ನ ಅಲ್ಲಿಂದ ಕಳಿಸಿದ್ರು. ಆಮೇಲೆ ಪೆಲ್ತಿಯೇನ ತಳ್ಳಿದ್ರು. ಮಗನ್ನ ಉಳಿಸೋಕೆ ನೀವು ಬಾಯಿ ಮುಚ್ಕೊಂಡಿದೀರಿ. ತಾಯಿ ಕರುಳು, ನನಗೆ ಅರ್ಥ ಆಗುತ್ತೆ."

"ನಾನು? ನದಿ ಮೆಟ್ಟಿಲ ಹತ್ರ?" ಕೌಂಟೆಸ್ ಊರುಗೋಲನ್ನು ಅವನ ಮೂಗಿನವರೆಗೆ ಎತ್ತಿದರು. "ಈ ಮೊಣಕಾಲಲ್ಲಿ? ಊಟದ ಮನೆಗೆ ಹೋಗೋಕೇ ಇಬ್ಬರು ಹಿಡ್ಕೋಬೇಕು ನನ್ನನ್ನ!"

ಆ ಮಾತು ಲೊರಿಯೋಗೆ ಸ್ವಲ್ಪ ಚುಚ್ಚಿತು. ಆದರೆ ಗೆಲುವಿನ ಅಮಲಿನಲ್ಲಿದ್ದವನಿಗೆ ಮುದುಕಿಯ ಮೊಣಕಾಲು ಎಷ್ಟರದ್ದು? ಬಾಗಿಲ ಕಡೆ ತಿರುಗಿ ಕೂಗಿದ. "ಗೋಬೇ, ಕರ್ಕೊಂಡು ಬಾ!"

ಠಾಣೆಯ ಹಳೇ ತಲೆ, ಸಾರ್ಜೆಂಟ್ ಗೋಬೇ, ಏಮೆರಿಕ್‌ನ ತೋಳು ಹಿಡಿದು ಒಳಗೆ ಬಂದ. ಐವತ್ತು ದಾಟಿದ ಕೌಂಟ್ ಇನ್ನೂ ಆ ಚಪ್ಪಲಿಯಲ್ಲೇ ಇದ್ದ. ಬೇಡಿ ಬಿದ್ದ ಕೈಗಳನ್ನು ತಾಯಿಯ ಕಣ್ಣಿಗೆ ಬೀಳದಂತೆ ಅಂಗಿಯಡಿ ಮುಚ್ಚಿಕೊಳ್ಳಲು ನೋಡಿದ. ಆಗಲಿಲ್ಲ.

"ಅಮ್ಮಾ," ಎಂದ. "ನೀವು ಬೆಳಗಿನ ಮಾತ್ರೆ ತಗೊಂಡ್ರಾ?"

ಲೊರಿಯೋ ಎರಡು ಕೈಯನ್ನೂ ಚಾಚಿದ, ಜಾದೂಗಾರ ಟೋಪಿಯಿಂದ ಪಾರಿವಾಳ ತೆಗೆದು ತೋರಿಸಿದ ಹಾಗೆ. "ಕೇಳಿದ್ರಲ್ಲ, ಮದಾಮ್ ತಿಬೋ? ಗೋಡೆಯಾಚೆ ನೀವು ಕೇಳಿದ್ದು ಇದೇ ತಾನೆ?"

ಸೋಲಾಂಜ್ ಕೈಚೀಲದ ಹಿಡಿಯನ್ನು ತಿರುಚುತ್ತ ಕೂತಳು.

"ಹೆದರ್ಕೋಬೇಡಿ. ಹೇಳಿ."

"ಹೆದರಿಕೆ ಅಲ್ಲ ಇನ್ಸ್‌ಪೆಕ್ಟರೇ. ಅದು... ಹೀಗಲ್ಲ."

"ಧ್ವನಿ ಬೇರೆನಾ?"

"ಧ್ವನಿ ಹೇಳೋಕಾಗಲ್ಲ, ಅಷ್ಟು ದಪ್ಪ ಗೋಡೆ. ಮಾತು ಬೇರೆ. ಅವನು 'ಅಮ್ಮಾ' ಅನ್ಲಿಲ್ಲ. 'ತಾಯೀ' ಅಂದ. 'ತಾಯೀ, ನೀವು ಇಲ್ಲಿಂದ ಹೋಗಿ, ಇದು ನನ್ನ ಕೆಲಸ' ಅಂತ."

"ಅಮ್ಮ ಅಂದ್ರೇನು, ತಾಯಿ ಅಂದ್ರೇನು? ಎರಡೂ ಒಂದೇ ಅಲ್ವಾ?"

"ಒಂದೇ ಆಗಿದ್ರೆ ಎರಡು ಪದ ಯಾಕಿರ್ತಿತ್ತು?" ಎಂದಳು ಮೇಡಂ, ಹಳೇ ಅಭ್ಯಾಸದ ಕಟ್ಟುನಿಟ್ಟಿನಲ್ಲಿ. "ಅವತ್ತೇ ಹೇಳ್ತಿದ್ದೆ. ನೀವು 'ಬಹುವಚನ' ಅಂತ ಕೇಳಿದ್ದೇ ತಡ, ಕುರ್ಚಿ ಬಿಟ್ಟು ಎದ್ದೇಬಿಟ್ರಿ. ಪೂರ್ತಿ ಕೇಳಿಸ್ಕೊಳ್ಳೋ ಹುಡುಗರೇ ಅಲ್ಲ ನೀವು."

ಕೌಂಟೆಸ್ ನಕ್ಕರು. ತಿಂಗಳುಗಟ್ಟಲೆ ನಗದವರು ನಕ್ಕ ಹಾಗೆ, ಸ್ವಲ್ಪ ತುಕ್ಕು ಹಿಡಿದ ನಗು.

"ತಾಯೀ? ನನ್ನನ್ನ? ನಾನೇನು ಸನ್ಯಾಸಿನಿಯರ ಮಠದ ಮುಖ್ಯಸ್ಥೆನಾ, ಗಂಡಸರು ಟೋಪಿ ತೆಗೆದು 'ತಾಯೀ, ನೀವು' ಅನ್ನೋಕೆ? ಏಮೆರಿಕ್ ಮಾತು ಕಲಿತ ದಿನದಿಂದ ನಾನು ಅವನಿಗೆ ಅಮ್ಮ. ಬೈಯುವಾಗಲೂ ಅಮ್ಮ."

"ಹಾಗಾದ್ರೆ ಮಠದವರು..." ಎಂದು ಬಾಯಿಬಿಟ್ಟ ಲೊರಿಯೋ.

"ಮಠ ಖಾಲಿ ಆಗಿದ್ದು ನಮ್ಮತ್ತೆ ಕಾಲದಲ್ಲಿ. ಅಲ್ಲೇ ಈಗ ಆ ಸತ್ತವನ ಮ್ಯೂಸಿಯಂ ಇರೋದು. ಈ ಊರಲ್ಲಿ ಇನ್ನೊಬ್ಬರು ತಾಯಿ ಇದ್ರೆ ಹುಡುಕಿ, ಹೋಗಿ. ನಮ್ಮ ಮನೆಯಲ್ಲಂತೂ ಇಲ್ಲ."

ಆ ಮಾತು ಮುಗಿಯುವಾಗ ಇಗರ್ಜಿಯ ಗಂಟೆ ಮಧ್ಯಾಹ್ನದ ಊಟದ ಹೊತ್ತು ಬಾರಿಸಿತು. ಬೆಳಗಿನಿಂದ ತಲೆಯ ಮೇಲೆ ಕೇಳುತ್ತಿದ್ದ ಸುತ್ತಿಗೆಯ ಸದ್ದು ಒಮ್ಮೆಗೇ ನಿಂತಿತು. ಕೋಟೆಯ ಚಾವಣಿಗೆ ಹೊಸ ಸ್ಲೇಟುಕಲ್ಲು ಕೂರಿಸುತ್ತಿದ್ದ ಕೆಲಸದವರು ಊಟಕ್ಕೆ ಇಳಿಯುತ್ತಿದ್ದರು. ತೆರೆದ ಕಿಟಕಿಯಾಚೆ ಏಣಿಯ ಮೇಲೆ ಮೊದಲು ಒಂದು ಜೊತೆ ಬೂಟು ಕಂಡಿತು, ಆಮೇಲೆ ಇನ್ನೊಂದು.

"ಬೇಗ ಇಳಿಯೋ ಮಾರಾಯಾ," ಎಂದಿತು ಮೇಲಿನ ಧ್ವನಿ. "ತಡ ಆದ್ರೆ ತಾಯಿ ಬೈತಾರೆ!"

"ನಿನ್ನೆನೂ ಬೈಸ್ಕೊಂಡೆ. 'ತಾಯೀ, ನೀವು ಕ್ಷಮಿಸ್ಬೇಕು' ಅಂತ ಕಾಲಿಗೆ ಬೀಳೋದೊಂದು ಬಾಕಿ!"

ಸೋಲಾಂಜ್ ಸೋಫಾದಿಂದ ಜಿಗಿದೆದ್ದಳು. "ಹೀಗೇ! ಹೀಗೇ ಅಂದಿದ್ದು! ಇದೇ ಪದ, ಇದೇ ವರಸೆ!"

ಆ 'ತಾಯಿ' ಯಾರೆಂದು ಲೊರಿಯೋಗೆ ಹೊಳೆಯಿತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅವನ ಕಥೆ ಅದಕ್ಕಿಂತ ಕಡೆ. ಆ ಕೂಸು ಅವನೇ.

"ಯಾರವರು, ಆ ತಾಯಿ?" ಎಂದು ಕೇಳಿದರು ಕೌಂಟೆಸ್.

ಗೋಬೇ ತನ್ನ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನೆಲ ನೋಡಿದ.

"ಸಾರ್ಜೆಂಟ್, ನಿಮಗೆ ಗೊತ್ತಿದೆ ಅಂತ ನಿಮ್ಮ ಮುಖ ಹೇಳ್ತಿದೆ."

"ಕಸುಬುದಾರರ ಸಂಘದ ಮನೆ ಒಡತಿ, ಕೌಂಟೆಸ್ ಅವರೇ," ಎಂದ ಗೋಬೇ, ಹಲ್ಲು ಕೀಳಿಸಿಕೊಳ್ಳುವವನ ಹಾಗೆ. "ಊರೂರು ಸುತ್ತಿ ಕೆಲಸ ಕಲಿಯೋ ಬಡಗಿಗಳು, ಕಲ್ಲುಕುಟಿಗರು, ಚಾವಣಿಯವರು, ಎಲ್ಲ ಅಲ್ಲೇ ಉಳ್ಕೊಳ್ಳೋದು. ಆ ಮನೆ ನೋಡ್ಕೊಳ್ಳೋ ಹೆಂಗಸನ್ನ ತಾಯಿ ಅಂತಾರೆ. ನೆರೆತ ಮೀಸೆಯವನಾದ್ರೂ ಅವರಿಗೆ ಬಹುವಚನ ಹಾಕ್ಬೇಕು. ಸಂಘದ ಕಟ್ಟಳೆ. ಮದಾಮ್ ಒರ್ತಾನ್ಸ್ ಅಂತ ಅವರ ಹೆಸರು."

"ಒರ್ತಾನ್ಸ್ ಏನು? ಮನೆತನ?"

ಗೋಬೇ ಇನ್ಸ್‌ಪೆಕ್ಟರ್ ಕಡೆ ನೋಡಿದ. ಅಲ್ಲಿಂದ ಸಹಾಯ ಬರಲಿಲ್ಲ.

"ಲೊರಿಯೋ," ಎಂದ.

ಕಿಟಕಿಯಾಚೆ ಏಣಿಯ ಮೇಲಿನ ಬೂಟುಗಳು ಅಲ್ಲಾಡದೆ ನಿಂತಿದ್ದವು. ಮರುಕ್ಷಣ ಯಾರೋ ಮೂರು ಮೆಟ್ಟಿಲು ಒಟ್ಟಿಗೆ ಹಾರಿ, ಅಂಗಳದ ಜಲ್ಲಿಯ ಮೇಲೆ ಓಡಿದ ಸದ್ದು ಕೇಳಿತು. ಸೈಕಲ್ಲಿನ ಬೆಲ್ಲು ಒಮ್ಮೆ ಕಿಣಿ ಎಂದಿತು.

ಕೌಂಟೆಸ್ ನಗಲಿಲ್ಲ. ನಕ್ಕಿದ್ದರೆ ಲೊರಿಯೋಗೆ ಎಷ್ಟೋ ಸುಲಭವಾಗುತ್ತಿತ್ತು. ಊರುಗೋಲನ್ನು ಮಡಿಲ ಮೇಲಿಟ್ಟುಕೊಂಡು, ಮೆಲ್ಲಗೆ ಕೇಳಿದರು. "ಈಗ ಹೇಳಿ ಇನ್ಸ್‌ಪೆಕ್ಟರೇ. ತಾಯಿ ಕರುಳು ಅರ್ಥ ಆಗುತ್ತೆ ಅಂದ್ರಲ್ಲ?"

ಲೊರಿಯೋ ಬೀಗದ ಕೈ ತೆಗೆದು ಏಮೆರಿಕ್‌ನ ಬೇಡಿ ಬಿಚ್ಚಲು ಹೋದ. ಬೀಗದ ತೂತು ಸಿಕ್ಕಲಿಲ್ಲ. ಕೊನೆಗೆ ಏಮೆರಿಕ್ಕೇ ಮಣಿಕಟ್ಟು ತಿರುಗಿಸಿ ಸಹಾಯ ಮಾಡಬೇಕಾಯಿತು.

"ಇನ್ನೊಂದು ಮಾತಿದೆ," ಎಂದಳು ಸೋಲಾಂಜ್, ಸಂಕೋಚದಿಂದ. "ಆ ಹೆಂಗಸು ಅವನಿಗೆ ಏನೋ ಅಂದ್ಲು. ಕೊಲೆ ವಿಷಯದಲ್ಲಿ ಅಡುಗೆ ಮಾತು ಯಾಕೆ ಅಂತ ನಾನು ಹೇಳಿರ್ಲಿಲ್ಲ."

"ಏನಂದ್ಲು?"

"'ಕೈ ತೊಳ್ಕೊಂಡು ಬಾ, ಸೂಪು ಆರೋಗುತ್ತೆ' ಅಂತ."

ಲೊರಿಯೋ ಬಾಲ್ಯವಿಡೀ ಕೇಳಿದ ಮಾತು. ಜಗಳವಾಡಿದರೂ, ಜ್ವರ ಬಂದರೂ, ಅಪ್ಪ ತೀರಿಕೊಂಡ ದಿನವೂ, ಅಮ್ಮ ಹೇಳಿದ್ದು ಅದೇ.

*

ಕಾರನ್ನು ಗೋಬೇ ಓಡಿಸಿದ. ನದಿಯ ದಂಡೆಯ ದಾರಿ, ಮರಳ ದಿಬ್ಬಗಳ ಮೇಲೆ ಬೆಳ್ಳಕ್ಕಿಗಳು, ದಡಕ್ಕೆ ಕಟ್ಟಿದ ತಳ ಚಪ್ಪಟೆಯ ದೋಣಿಗಳು. ಲೊರಿಯೋಗೆ ಯಾವುದೂ ಕಣ್ಣಿಗೆ ಬೀಳಲಿಲ್ಲ.

"ಸಾಹೇಬ್ರೇ, ನಾನು ಒಳಗೆ ಹೋಗಿ ಕೇಳ್ಲಾ?" ಎಂದ ಗೋಬೇ. "ನೀವು ಕಾರಲ್ಲೇ ಇರಿ. ಯಾರೂ ಏನೂ ಅನ್ಕೊಳ್ಳಲ್ಲ."

"ನಿನಗೆ ಮೊದಲೇ ಹೊಳೆದಿತ್ತಾ ಗೋಬೇ?"

"ಹೊಳೀತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಹೊಳೀಲಿಲ್ಲ ಅಂದ್ರೂ ಸುಳ್ಳಾಗುತ್ತೆ. ನಿಮ್ಮಮ್ಮನ ಬಗ್ಗೆ ಯಾವ ಬಾಯಲ್ಲಿ ಹೇಳೋದು?"

ಲೊರಿಯೋ ಆ ಮನೆಯಲ್ಲೇ ಹುಟ್ಟಿದವನು. ಊಟದ ಮೇಜಿನ ಸುತ್ತ ಮೀಸೆ ಹೊತ್ತ ಗಂಡಸರು ತನ್ನ ಅಮ್ಮನನ್ನು 'ತಾಯೀ' ಎನ್ನುವುದನ್ನು ನೋಡಿ ಐದರ ವಯಸ್ಸಿನಲ್ಲಿ ಅಳುತ್ತಿದ್ದ. ಅವಳು ಅವನನ್ನು ಎತ್ತಿಕೊಂಡು ಕಿವಿಯಲ್ಲಿ ಹೇಳುತ್ತಿದ್ದಳು: "ಅವರೆಲ್ಲ 'ನೀವು' ಅಂತಾರೆ ಕಣೋ. 'ನೀನು' ಅನ್ನೋ ಹಕ್ಕು ಇರೋದು ನಿನಗೊಬ್ಬನಿಗೇ." ಆ ಹಕ್ಕೊಂದೇ ಅವನ ಆಸ್ತಿ. ಉಳಿದದ್ದೆಲ್ಲ, ಮಡಿಲು, ಅಡುಗೆ, ಬೈಗುಳ ಕೂಡ, ಎಲ್ಲರ ಜೊತೆ ಹಂಚಿಕೊಂಡದ್ದು.

ಅಷ್ಟು ಬಳಕೆಯಾಗಿಹೋದ ಮಾತು ಕಿವಿಗೆ ಹೊಸದಾಗಿ ಕೇಳಿಸುವುದಾದರೂ ಹೇಗೆ? ತನ್ನ ಮನೆಯ ಗಡಿಯಾರದ ಟಿಕ್‌ಟಿಕ್ ಯಾರಿಗೂ ಕೇಳಿಸುವುದಿಲ್ಲ.

ಅವನನ್ನು ಸುಟ್ಟದ್ದು ಅದಲ್ಲ. ಬುಧವಾರ ಅವನು ಅಮ್ಮನ ಅಡುಗೆಮನೆಯಲ್ಲೇ ಕೂತು ಊಟ ಮಾಡಿದ್ದ. ಬಹುವಚನದ ಸುಳಿವನ್ನು, ತನ್ನ ಚಾಣಾಕ್ಷತೆಯನ್ನು, ಏಮೆರಿಕ್‌ನನ್ನು ಹೇಗೆ ಹಿಡಿಯುತ್ತೇನೆ ಎನ್ನುವುದನ್ನು ಒಂದೂ ಬಿಡದೆ ಒದರಿದ್ದ. ಅವಳು ಬೆನ್ನು ಹಾಕಿ ಪಾತ್ರೆ ಒರೆಸುತ್ತಿದ್ದಳು. "ಜಾಣ ಕಣೋ ನೀನು," ಎಂದು ಇನ್ನೊಂದು ಸೌಟು ಬೀನ್ಸು ಬಡಿಸಿದ್ದಳು.

ತಪ್ಪು ಮಾಡದವನ ಕೈಗೆ ಬೇಡಿ ಬೀಳುತ್ತದೆ ಎಂದು ತಿಳಿದೂ ಬಡಿಸಿದ್ದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನು ಊರ ಮುಂದೆ ನಗೆಪಾಟಲಾಗುತ್ತಾನೆ ಎಂದು ತಿಳಿದೂ. ಯಾರಿಗಾಗಿ?

*

ಸಂಘದ ಮನೆಯ ಬಾಗಿಲಲ್ಲಿ, ಎಂದಿನಂತೆ, ಗೂಟಗಳಿಗೆ ಉದ್ದನೆಯ ಬೆತ್ತಗಳು ತೂಗುತ್ತಿದ್ದವು. ಒಬ್ಬೊಬ್ಬ ಕಸುಬುದಾರನಿಗೆ ಒಂದು. ದಾರಿ ಹಿಡಿಯುವ ದಿನವಷ್ಟೇ ಬೆತ್ತ ಗೂಟದಿಂದ ಇಳಿಯುತ್ತದೆ. ಕೊನೆಯ ಗೂಟ ಖಾಲಿ ಇತ್ತು.

ಲೊರಿಯೋ ಅಡುಗೆಮನೆಯ ಬಾಗಿಲು ತಳ್ಳಿದ.

ಉದ್ದನೆಯ ಮೇಜಿನ ಎರಡೂ ಬದಿ ಗಂಡಸರು ಕೋಟಿನ ಗುಂಡಿ ಹಾಕಿಕೊಂಡು, ತಲೆ ತಗ್ಗಿಸಿ ಕೂತಿದ್ದರು. ಎಲ್ಲರ ಮುಂದೆಯೂ ತುಂಬಿದ ತಟ್ಟೆ. ಯಾರೂ ಚಮಚ ಮುಟ್ಟಿರಲಿಲ್ಲ. ತಾಯಿ ಕೂತು ಮೊದಲ ಗುಟುಕು ಕುಡಿಯುವವರೆಗೆ ಆ ಮೇಜಿನಲ್ಲಿ ಯಾರೂ ಮುಟ್ಟುವುದಿಲ್ಲ.

ಒರ್ತಾನ್ಸ್ ಇನ್ನೂ ನಿಂತೇ ಇದ್ದಳು. ಗಿಡ್ಡ ಹೆಂಗಸು, ಮೊಣಕೈವರೆಗೆ ಮಡಿಸಿದ ತೋಳು, ಕೈಯಲ್ಲಿ ಸೌಟು.

"ಬಂದ್ಯಾ ರೆಮಿ? ಕೈ ತೊಳ್ಕೊಂಡು ಕೂತ್ಕೋ," ಎಂದಳು. "ಸೂಪು ಆರೋಗುತ್ತೆ."

ಅವನು ಕೂರಲಿಲ್ಲ.

"ಅಮ್ಮಾ, ಮಂಗಳವಾರ ಸಂಜೆ ಕೋಟೆಯಲ್ಲಿ ಇದ್ದೆ ನೀನು."

"ಇದ್ದೆ."

ಇಷ್ಟು ಬೇಗ, ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾಳೆಂದು ಅವನು ಎಣಿಸಿರಲಿಲ್ಲ. ಬಾಗಿಲಲ್ಲಿ ನಿಂತ ಗೋಬೇ "ಅಯ್ಯೋ ದೇವರೇ" ಎಂದದ್ದು ಕೇಳಿಸಿತು.

"ಆ ಮೆಟ್ಟಿಲು ನಮ್ಮವರು ಮಾಡಿದ್ದು," ಎಂದಳು. "ಈ ಮನೆಯಲ್ಲಿ ಉಣ್ತಿದ್ದ ಒಬ್ಬ ಬಡಗಿ ಕಸುಬಿನ ಪರೀಕ್ಷೆಗೆ ಅಂತ ಎರಡು ಚಳಿಗಾಲ ಕೂತು ಕೆತ್ತಿದ್ದು. ಪೆಲ್ತಿಯೇ ಅದನ್ನ ಕದ್ದು ಮಾರೋಕೆ ಹೊರಟಿದ್ದ. ಕೇಳೋಕೆ ಹೋದ್ವಿ."

"ಹೋದ್ವಿ ಅಂದ್ರೆ? ಜೊತೆಗೆ ಯಾರಿದ್ರು?"

ಅವಳು ಸೌಟನ್ನು ಪಾತ್ರೆಯೊಳಗೆ ಇಳಿಬಿಟ್ಟಳು.

"ಅಮ್ಮಾ, ಏನೂ ಮಾಡದ ಒಬ್ಬನ್ನ ನಾನು ಬೀದಿಯಲ್ಲಿ ಎಳ್ಕೊಂಡು ಹೋದೆ! ನಿನಗೆ ಗೊತ್ತಿತ್ತು! ನನಗೆ ಬಡಿಸ್ತಾ ಬಡಿಸ್ತಾ ಸುಮ್ಮನಿದ್ದೆ!"

"ಅವನನ್ನ ನೀನು ಬಿಟ್ಟೇಬಿಡ್ತೀಯ ಅಂತ ಗೊತ್ತಿತ್ತು. ದೊಡ್ಡ ಮನೆಯವರು, ವಕೀಲರು ಬರ್ತಾರೆ. ಇವನಿಗೆ ಯಾರು ಬರ್ತಾರೆ?"

ಇವನಿಗೆ.

ಆಗ ಲೊರಿಯೋ ಕಣ್ಣಿಗೆ ಮೇಜಿನ ತುದಿಯ ತಟ್ಟೆ ಬಿತ್ತು. ಅದರ ಮುಂದೆ ಯಾರೂ ಇರಲಿಲ್ಲ. ತಟ್ಟೆಯಲ್ಲಿ ಸೂಪು ಅರ್ಧಕ್ಕಿಳಿದಿತ್ತು, ಚಮಚ ಅದರೊಳಗೇ ಇತ್ತು, ಆವಿ ಇನ್ನೂ ಏಳುತ್ತಿತ್ತು. ತಾಯಿ ಕೂರುವ ಮೊದಲೇ ಈ ಮೇಜಿನಲ್ಲಿ ಒಬ್ಬ ಉಂಡಿದ್ದಾನೆ. ಕಟ್ಟಳೆ ಮುರಿಯಲು ಅವನಿಗೆ ಅಪ್ಪಣೆ ಕೊಡಬಲ್ಲವಳು ಈ ಮನೆಯಲ್ಲಿ ಒಬ್ಬಳೇ.

ಸೈಕಲ್ಲಿನವನು ಸುದ್ದಿ ಮುಟ್ಟಿಸಿದ ಕೂಡಲೇ, ದಾರಿಗೆ ಹೊರಟವನಿಗೆ ಉಣ್ಣಿಸಿ ಕಳಿಸಿದ್ದಳು. ಲೊರಿಯೋನನ್ನು ಇಲ್ಲಿ ಮಾತಿನಲ್ಲಿ ಕಟ್ಟಿಹಾಕಿದ್ದಳು.

ಹಿತ್ತಲ ಕಡೆಯಿಂದ, ನದಿಯ ದಡದಿಂದ, ದೋಣಿಯ ಸರಪಳಿ ಕಲ್ಲಿನ ಮೇಲೆ ಎಳೆದ ಸದ್ದು ಬಂತು.

ಲೊರಿಯೋ ಹಿತ್ತಲ ಬಾಗಿಲಿಗೆ ನುಗ್ಗಿದ. ಅವಳು ಅವನಿಗಿಂತ ಮೊದಲು ಅಲ್ಲಿದ್ದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಮೇಜಿನ ಸುತ್ತ ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು.

"ದಾರಿ ಬಿಡಮ್ಮಾ. ನಾನು ನಿನ್ನ ಮಗ. ದಾರಿ ಬಿಡು ಅಂತಿದೀನಿ."

"ಅವನೂ ನನ್ನನ್ನ ತಾಯಿ ಅಂತಾನೆ."

"ಅವನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ!"

ಒರ್ತಾನ್ಸ್ ಮಗನ ಮುಖವನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಧ್ವನಿ ಅಲುಗಲಿಲ್ಲ. ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಜೋಡಿಸಿ, ಬೇಡಿಗೆಂದು ಅವನ ಮುಂದೆ ಚಾಚಿದಳು. ತನ್ನ ಜನ್ಮದಲ್ಲಿ ಮೊದಲ ಸಲ, ಹೆತ್ತವಳ ಬಾಯಿಂದ ಅವನು ಆ ಮಾತು ಕೇಳಿದ.

"ನೀವು ಮೊದಲು ನನ್ನನ್ನ ಕರ್ಕೊಂಡು ಹೋಗಿ, ಇನ್ಸ್‌ಪೆಕ್ಟರೇ."